ಧ್ಯಾನ ಮತ್ತು ಮೆದುಳಿನ ಎರಡು ಭಾಗಗಳು

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ದರ್ಶನ ಮುಗಿಸಿ ಪ್ರಾಕಾರದಲ್ಲಿ ಸ್ವಲ್ಪ ಹೊತ್ತು ಕಣ್ಮುಚ್ಚಿ ಕೂರುವುದು ಹಿಂದಿನಿಂದ ಬಂದ ಪದ್ಧತಿ. ಈಚೆಗೆ ಈ ಧ್ಯಾನದ ವಿಷಯದಲ್ಲಿ ಒಂದು ಮಾತು ಬಹಳ ಕೇಳಿಬರುತ್ತದೆ. ಮೆದುಳಿನ ಎಡಭಾಗ ಲೆಕ್ಕಾಚಾರದ್ದು, ಬಲಭಾಗ ಭಾವನೆಯದು, ಧ್ಯಾನ ಮಾಡಿದರೆ ಎರಡೂ ತಕ್ಕಡಿಯ ತಟ್ಟೆಗಳ ಹಾಗೆ ಸಮ ಆಗುತ್ತವೆ ಅಂತ. ಯೋಗಶಾಸ್ತ್ರದ ಇಡಾ-ಪಿಂಗಳಾ ನಾಡಿಗಳೇ ಇವು ಎನ್ನುವವರೂ ಉಂಟು. ಇದು ಎಷ್ಟು ಸರಿ? ಸಮತೋಲನ ಅಂದರೆ ನಿಜವಾಗಿ ಯಾವುದು?

ಮೆದುಳು ಎರಡು ಅರ್ಧಗಳಾಗಿರುವುದು ಸತ್ಯ. ಎಡ ಅರ್ಧ ಬಲಗೈಯನ್ನೂ ಬಲ ಅರ್ಧ ಎಡಗೈಯನ್ನೂ ನಡೆಸುತ್ತದೆ. ಮಾತಿನ ಶಕ್ತಿ ಹೆಚ್ಚಿನವರಲ್ಲಿ ಎಡಭಾಗದಲ್ಲಿದೆ. ಆದರೆ ಬುದ್ಧಿಯೆಲ್ಲ ಒಂದು ಕಡೆ, ಭಕ್ತಿಯೆಲ್ಲ ಇನ್ನೊಂದು ಕಡೆ ಎಂದು ಪಾಲಾಗಿಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿದರು. ಈತ ಎಡಮೆದುಳಿನವನು, ಆಕೆ ಬಲಮೆದುಳಿನವಳು ಎಂದು ವಿಂಗಡಿಸಲು ಆಧಾರ ಸಿಗಲಿಲ್ಲ. ಸುಮಾರು 20 ಕೋಟಿ ನರತಂತುಗಳ ಒಂದು ಸೇತುವೆ ಎರಡು ಅರ್ಧಗಳನ್ನೂ ಕೂಡಿಸಿದೆ.

ಆ ಸೇತುವೆಯೇ ಇಲ್ಲದಿದ್ದರೆ? ತೀವ್ರವಾದ ಮೂರ್ಛೆರೋಗ ತಡೆಯಲು ಕೆಲವರಿಗೆ ಅದನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿದ್ದುಂಟು. ಅಂಥವರನ್ನು ರೋಜರ್ ಸ್ಪೆರಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಪರೀಕ್ಷಿಸಿದರು. ಕಣ್ಣಿನ ಎಡಬದಿಗೆ ಚಮಚದ ಚಿತ್ರವನ್ನು ಕ್ಷಣಮಾತ್ರ ತೋರಿಸಿ ಏನು ಕಂಡಿತೆಂದು ಕೇಳಿದರೆ, ಬಾಯಿ ಏನೂ ಕಾಣಲಿಲ್ಲ ಎನ್ನುತ್ತಿತ್ತು. ಆದರೆ ಪರದೆಯ ಹಿಂದೆ ಇಟ್ಟ ವಸ್ತುಗಳಲ್ಲಿ ಎಡಗೈ ತಡಕಾಡಿ ಚಮಚವನ್ನೇ ಆರಿಸುತ್ತಿತ್ತು. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಈ ಸಂಶೋಧನೆಗಾಗಿ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು.

ಆ ರೋಗಿಗಳ ಬಾಯಿ ಒಂದು, ಕೈ ಒಂದು ಆದದ್ದು ಅವರ ತಪ್ಪಲ್ಲ, ಸೇತುವೆ ಕಡಿದಿತ್ತು. ಸೇತುವೆ ಗಟ್ಟಿಯಾಗಿದ್ದೂ ಬಾಯಲ್ಲಿ ಶಿವನಾಮ, ಕೈಯಲ್ಲಿ ತೂಕದ ಮೋಸ ಇಟ್ಟುಕೊಂಡವನು ಯಾರಿಗೆ ಉತ್ತರ ಹೇಳಬೇಕು? ನಡೆ-ನುಡಿ ಒಂದಾಗಬೇಕೆಂದು ಶರಣರು ಒತ್ತಿ ಹೇಳಿದ್ದು ಈ ಸೀಳನ್ನು ಕಂಡೇ. ಗೀತೆಯೂ ಎರಡನೆಯ ಅಧ್ಯಾಯದಲ್ಲಿ ಯೋಗವೆಂದು ಕರೆದಿರುವುದು, ಕೆಲಸ ಕೈಗೂಡಿದರೂ ಕೆಟ್ಟರೂ ಮನಸ್ಸು ಸಮವಾಗಿರುವುದನ್ನು.

ಹಾಗಾದರೆ ಧ್ಯಾನ ಬೇಡವೇ? ಖಂಡಿತ ಬೇಕು. ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಸುಮ್ಮನೆ ಗಮನಿಸಿದರೆ ಮನಸ್ಸಿನ ಗದ್ದಲ ತಗ್ಗುತ್ತದೆ. ಆಗ ಆಡಿದ್ದೇನು, ಮಾಡಿದ್ದೇನು ಎಂಬುದು ಎದುರೆದುರು ಬಂದು ನಿಲ್ಲುತ್ತದೆ. ಅದನ್ನು ನೋಡಿ ತಿದ್ದಿಕೊಳ್ಳುವುದೇ ಧ್ಯಾನದ ಫಲ. ಫಲ ಸಿಕ್ಕಿತೋ ಇಲ್ಲವೋ ತಿಳಿಯಲು ಸ್ಕ್ಯಾನ್ ಬೇಕಿಲ್ಲ. ಪ್ರಸಾದದ ಸಾಲಿನಲ್ಲಿ ಹಿಂದೆ ನಿಂತ ಅಜ್ಜಿಯನ್ನು ಮುಂದೆ ಬಿಟ್ಟರೆ, ಊರಿಗೆ ಹೋಗಿ ಹಳೆಯ ಬಾಕಿ ತೀರಿಸಿದರೆ, ಮನೆಯವರ ಮೇಲೆ ಏರಿದ ದನಿ ಇಳಿದರೆ ಸಾಕು.

ಅಂಥ ಸಮತೋಲನ ಸರ್ವ ಭಕ್ತಾದಿಗಳಿಗೂ ಲಭಿಸಲಿ.