ಗೆಲುವಿನ ಲೆಕ್ಕ ಯಾರದು?

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಒಂದಿಲ್ಲೊಂದು ವ್ಯಾಜ್ಯದ ಮಾತು ಇದ್ದೇ ಇರುತ್ತದೆ. ಊರಿನ ಹೊಲದ ಪಾಲು, ಇಲ್ಲಿಯ ಬಾಡಿಗೆ ಮನೆ, ಸೊಸೈಟಿಯ ತಕರಾರು. ಆಗ ನಾವು ಮೊದಲು ವಿಚಾರಿಸುವುದು, "ಆ ವಕೀಲರು ಎಷ್ಟು ಕೇಸು ಗೆದ್ದಿದ್ದಾರೆ?" ಎಂದು. ವಕೀಲ ಸಂಸ್ಥೆಗಳೂ ತಮ್ಮ ಸಾಧನೆಯನ್ನು ಹೀಗೆಯೇ ಎಣಿಸುವುದುಂಟು. ಆದರೆ ವಕೀಲಿಯಲ್ಲಿ ಗೆಲುವೆಂದರೇನು, ಅದು ಯಾರ ಲೆಕ್ಕಕ್ಕೆ ಸೇರಬೇಕು? ಇದು ಕಾನೂನಿನ ಪ್ರಶ್ನೆಗಿಂತ ಹೆಚ್ಚಾಗಿ ನೀತಿಯ ಪ್ರಶ್ನೆ.

ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕೆಲಸ ಕೋರಕೂಡದು. ತಾವು ನಡೆಸಿದ ಮೊಕದ್ದಮೆಯ ಸಂಬಂಧವಾಗಿ ಪತ್ರಿಕೆಗಳಲ್ಲಿ ಭಾವಚಿತ್ರ ಹಾಕಿಸಿಕೊಳ್ಳಕೂಡದು. ಇದನ್ನು ಮೀರುವವರ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಕೆಂದು 2024ರ ಜುಲೈಯಲ್ಲಿ ಮದರಾಸು ಹೈಕೋರ್ಟು ಪರಿಷತ್ತಿಗೆ ಸೂಚಿಸಿತು. ನಿಯಮ ಹಳೆಯದಾಯಿತೆಂದು ಗೊಣಗುವವರಿದ್ದಾರೆ. ನಮಗೆ ಮಾತ್ರ ಅದರಲ್ಲಿ ಒಂದು ವಿವೇಕ ಕಾಣುತ್ತದೆ. ಗೆಲುವಿನ ಪಟ್ಟಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆನ್ನುವ ವಕೀಲ, ಸೋಲಬಹುದಾದ ಬಡವನ ದಾವೆಯನ್ನು ಮುಟ್ಟಲು ಹಿಂಜರಿಯದೆ ಇರುತ್ತಾನೆಯೇ?

ನಮ್ಮ ನಾಡಿಗೇ ಸಂಬಂಧಪಟ್ಟ ಎರಡು ಮೊಕದ್ದಮೆಗಳನ್ನು ನೋಡೋಣ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮುಂಬಯಿಯ ನಾನಿ ಪಾಲ್ಖಿವಾಲಾ ಅವರ ಪರ ವಾದಿಸಿದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಅಳಿಸಲಾಗದು ಎಂಬ ತತ್ತ್ವ 7–6ರ ಬಹುಮತದಿಂದ ನೆಲೆಯಾಯಿತು. ಆದರೆ ಆ ಭೂಕಾನೂನಿಗೆ ರಕ್ಷಣೆ ಕೊಟ್ಟಿದ್ದ 29ನೆಯ ತಿದ್ದುಪಡಿ ಊರ್ಜಿತವಾಗಿಯೇ ಉಳಿಯಿತು. ಸ್ವಾಮೀಜಿ ಕೇಳಿದ ಪರಿಹಾರ ಸಿಕ್ಕಲಿಲ್ಲ.

ಇನ್ನೊಂದು ಬೆಂಗಳೂರಿನ ಮಿನರ್ವಾ ಮಿಲ್ಲಿನದು. 1980ರಲ್ಲಿ ಪಾಲ್ಖಿವಾಲಾ ಅವರ ವಾದದಿಂದಲೇ 42ನೆಯ ತಿದ್ದುಪಡಿಯ ಎರಡು ಮುಖ್ಯ ವಿಧಿಗಳು ಬಿದ್ದುಹೋದವು. ಮಿಲ್ಲು ಮಾತ್ರ ಒಡೆಯರಿಗೆ ಮರಳಲಿಲ್ಲ. ಅದರ ರಾಷ್ಟ್ರೀಕರಣವನ್ನು ಸುಪ್ರೀಂ ಕೋರ್ಟು 1986ರಲ್ಲಿ ಎತ್ತಿಹಿಡಿಯಿತು.

ಎರಡರಲ್ಲೂ ಕಕ್ಷಿಗಾರ ಸೋತ, ದೇಶ ಗೆದ್ದಿತು. ಹಾಗಾದರೆ ತತ್ತ್ವ ಗೆದ್ದರೆ ಸಾಕು, ಕಕ್ಷಿಗಾರನ ಗತಿ ಏನಾದರೂ ಆಗಲಿ ಎನ್ನಬಹುದೇ? ಮಠಕ್ಕೆ, ಮಿಲ್ಲಿಗೆ ಆ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇತ್ತೆನ್ನೋಣ. ಇರುವ ಒಂದೆಕರೆಯನ್ನು ಒತ್ತೆಯಿಟ್ಟು ಬಂದವನ ಹೆಗಲಿಗೆ ದೇಶದ ತತ್ತ್ವವನ್ನು ಹೊರಿಸುವ ಅಧಿಕಾರ, ಅವನು ತಿಳಿದು ಒಪ್ಪದ ಹೊರತು, ಯಾವ ವಕೀಲನಿಗೂ ಇಲ್ಲ.

ಇದಕ್ಕೆ ತಿರುಗುಮುರುಗಾದ ಸಂಗತಿಯೂ ಉಂಟು. ಬಿಹಾರದ ರುದುಲ್ ಸಾಹನನ್ನು ಸೆಷನ್ಸ್ ಕೋರ್ಟು 1968ರ ಜೂನ್‌ನಲ್ಲಿ ನಿರ್ದೋಷಿಯೆಂದು ಬಿಟ್ಟಿತು. ಆತ ಜೈಲಿನಿಂದ ಹೊರಗೆ ಬಂದದ್ದು 1982ರ ಅಕ್ಟೋಬರಿನಲ್ಲಿ! 1983ರಲ್ಲಿ ಸುಪ್ರೀಂ ಕೋರ್ಟು ಒಟ್ಟು 35,000 ರೂಪಾಯಿ ಕೊಡಿಸಿತು. ಪಟ್ಟಿ ಬರೆಯುವವನು 1968ನೆಯ ಇಸವಿಯ ಎದುರಿಗೆ ಗೆಲುವೆಂದೇ ಬರೆದಾನು. ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ತಿಂಗಳ ಕೊನೆಗೆ ಇಷ್ಟು ಕಡತ ವಿಲೇವಾರಿಯಾಯಿತೆಂದು ತಖ್ತೆ ಹೋಗುತ್ತದೆ. ಪಿಂಚಣಿ ಮುದುಕಿಯ ಕೈಸೇರಿತೇ ಎಂಬುದಕ್ಕೆ ಆ ತಖ್ತೆಯಲ್ಲಿ ಕಾಲಮ್ಮೇ ಇರುವುದಿಲ್ಲ. ತೀರ್ಪು ಹೇಳುವುದು ಬೇರೆ, ನ್ಯಾಯ ಮನೆ ಮುಟ್ಟುವುದು ಬೇರೆ.

ಯಾರೂ ಗೆಲ್ಲದ, ಯಾರೂ ಸೋಲದ ದಾರಿಯೂ ಒಂದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1995ರಲ್ಲಿ ಜಾರಿಗೆ ಬಂದಮೇಲೆ ಲೋಕ ಅದಾಲತ್ತಿಗೆ ಕಾನೂನಿನ ಬಲ ಬಂದಿದೆ. ಕೋರ್ಟಿನಲ್ಲಿರುವ ದಾವೆ ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀ ಮರಳಿ ಬರುತ್ತದೆ. ಆ ನಿರ್ಣಯದ ಮೇಲೆ ಅಪೀಲಿಲ್ಲ. ಇದೇ ಕಾನೂನಿನಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. 2023ರಲ್ಲಿ ಮಧ್ಯಸ್ಥಿಕೆಗೂ ಪ್ರತ್ಯೇಕ ಅಧಿನಿಯಮವಾಯಿತು. ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಹೊಲಕ್ಕೆ ಗಡಿ ಹಾಕಿಸಿ, ಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತೆ ಮಾಡಿದ ವಕೀಲರಿಗೆ ತೋರಿಸಿಕೊಳ್ಳಲು ಗೆಲುವೇ ಇಲ್ಲ. ನಮ್ಮ ಮಟ್ಟಿಗೆ ಅವರೇ ದೊಡ್ಡ ವಕೀಲರು.

ಎಲ್ಲದರಲ್ಲೂ ರಾಜಿ ಸಲ್ಲದು, ನಿಜ. ಹೆಣ್ಣುಮಕ್ಕಳ ಪಾಲನ್ನು ನುಂಗಿದವನೊಡನೆ ಅರ್ಧಕ್ಕೆ ಒಪ್ಪಿಕೋ ಎನ್ನುವುದು ನ್ಯಾಯವಾಗದು. ಅಲ್ಲಿ ಹೋರಾಡಲೇಬೇಕು. ಆದರೆ ವಕೀಲರ ಮೆಟ್ಟಿಲು ಹತ್ತಿದಾಗ, ಎಷ್ಟು ಗೆದ್ದಿರಿ ಎಂದು ಕೇಳುವ ಬದಲು ನಾವು ಬೇರೆ ಮೂರು ಮಾತು ಕೇಳೋಣ. ಗೆದ್ದರೆ ನಮ್ಮ ಕೈಗೆ ಬರುವುದೇನು? ಅದು ಬರುವುದು ಯಾವ ಕಾಲಕ್ಕೆ? ಎದುರು ಪಕ್ಷದವರೊಡನೆ ಒಮ್ಮೆ ಕೂತು ಮಾತಾಡಿದರೆ ಹೇಗೆ? ಈ ಮೂರನೆಯ ಪ್ರಶ್ನೆಗೆ ಸಿಡುಕದೆ ಉತ್ತರ ಕೊಡುವ ವಕೀಲರು ಸಿಕ್ಕರೆ, ಅವರ ಹೆಸರನ್ನು ನಮ್ಮ ಬಾಂಧವರಿಗೂ ತಿಳಿಸೋಣ.