ಸುಖಯಾತ್ರೆಯೂ ಜಂಗಮತ್ವವೂ

ಚಲಿಸುವುದು ಜೀವದ ಲಕ್ಷಣ. ಆದರೆ ಚಲಿಸುವುದೆಲ್ಲವೂ ಜಂಗಮವಾಗದು. ಬಂಡಿಯಲ್ಲಿ ಹೇರಿದ ಕಲ್ಲು ಊರಿಂದೂರಿಗೆ ಹೋಗುತ್ತದೆ. ಹೋದ ಊರಿನಲ್ಲಿಯೂ ಅದು ಕಲ್ಲಾಗಿಯೇ ಇಳಿಯುತ್ತದೆ. ಮನುಷ್ಯನ ಪ್ರಯಾಣಕ್ಕೂ ಈ ಮಾತು ಅನ್ವಯಿಸುವುದೇ? ಹಣವುಳ್ಳವರ ಸುಖಯಾತ್ರೆಯು ದೇಶದಲ್ಲಿ ದೊಡ್ಡದೊಂದು ವ್ಯಾಪಾರವಾಗಿ ಬೆಳೆಯುತ್ತಿರುವ ಈ ಕಾಲದಲ್ಲಿ, ದೇಹವು ಸಾವಿರ ಮೈಲಿ ಸಂಚರಿಸಿದರೂ ಮನುಷ್ಯನು ಇದ್ದಲ್ಲಿಯೇ ಉಳಿದಿರಬಹುದೇ ಎಂಬ ಪ್ರಶ್ನೆಯು ವಿಚಾರವಂತರ ಚಿಂತನೆಗೆ ಯೋಗ್ಯವಾಗಿದೆ.

ಈ ವ್ಯಾಪಾರದ ಚರಿತ್ರೆಯೇ ಬೋಧಪ್ರದವಾದುದು. ವೈಸರಾಯರ ವಾಸ್ತವ್ಯಕ್ಕೆಂದು ಮೈಸೂರಿನ ಮಹಾರಾಜರು 1921ರಲ್ಲಿ ಲಲಿತಮಹಲನ್ನು ಕಟ್ಟಿಸಿದರು. ಮುಂದೆ ಸ್ವಾತಂತ್ರ್ಯ ಬಂದಿತು; ಸಂಸ್ಥಾನಗಳು ವಿಲೀನಗೊಂಡವು. ಸವಣೂರಿನ ನವಾಬರ ಆಳ್ವಿಕೆಯೂ 1948ರಲ್ಲಿ ಕೊನೆಗಂಡಿತು. 1971ರಲ್ಲಿ ರಾಜಧನವೂ ರದ್ದಾಯಿತು. ಅರಮನೆಗಳ ವೆಚ್ಚವನ್ನು ಹೊರಲಾರದ ಅನೇಕ ಅರಸುಮನೆತನಗಳು ಅವನ್ನು ಹೋಟೆಲುಗಳಾಗಿ ಮಾರ್ಪಡಿಸಿದವು. ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಕಬಿನಿಯ ದಡದ ಕಾರಾಪುರದಲ್ಲಿದ್ದ ಅರಸರ ಬೇಟೆಯ ಬಿಡದಿಯು ವನವಿಹಾರಿಗಳ ವಸತಿಗೃಹವಾಯಿತು. 1982ರಲ್ಲಿ ರಾಜಸ್ಥಾನದ ‘ಪ್ಯಾಲೇಸ್ ಆನ್ ವೀಲ್ಸ್’ ರೈಲು ಹಳಿಗಳ ಮೇಲೆಯೇ ಅರಮನೆಯನ್ನು ಓಡಿಸಿತು. ದೇಶದಲ್ಲಿ ರಾಜರು ಇಲ್ಲವಾದರು. ಆದರೆ ಒಂದು ವಾರದ ರಾಜತ್ವವನ್ನು ಯಾರಾದರೂ ಕ್ರಯಕ್ಕೆ ಕೊಳ್ಳಬಹುದಾಯಿತು.

ಕರ್ನಾಟಕವೂ ಹಿಂದುಳಿಯಲಿಲ್ಲ. 2008ರಲ್ಲಿ ‘ಗೋಲ್ಡನ್ ಚಾರಿಯಟ್’, ಅಂದರೆ ಸುವರ್ಣರಥವೆಂಬ ರೈಲು ಆರಂಭವಾಯಿತು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವು ಅದರ ಹೆಸರಿಗೆ ಮೂಲ. ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಮುಂತಾದ ರಾಜವಂಶಗಳ ಹೆಸರನ್ನು ಅದರ ಗಾಡಿಗಳಿಗೆ ಇಡಲಾಯಿತು. ನಡುವೆ ಕೆಲವು ವರ್ಷ ನಿಂತಿದ್ದ ಈ ರೈಲು 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. 40 ಕೋಣೆಗಳು, 80 ಜನ ಅತಿಥಿಗಳು. ಭೋಜನಶಾಲೆ, ಪಾನಗೃಹ, ಅಂಗಮರ್ದನದ ಏರ್ಪಾಡು, ವ್ಯಾಯಾಮಶಾಲೆ, ಎಲ್ಲವೂ ಉಂಟು. ಐದು ರಾತ್ರಿಗಳ ಪ್ರಯಾಣದ ಬೆಲೆಯನ್ನು ಲಕ್ಷಗಳಲ್ಲಿ ಎಣಿಸಬೇಕು.

ಮೊದಲು ಇಂಥ ಯಾತ್ರೆಗಳನ್ನು ಮುಖ್ಯವಾಗಿ ಪರದೇಶದ ಪ್ರವಾಸಿಗಳಿಗಾಗಿ ಸಿದ್ಧಪಡಿಸುತ್ತಿದ್ದರು. ಈಗ ಸ್ವದೇಶದ ಸಿರಿವಂತರೂ ಮೇಲ್ಮಧ್ಯಮ ವರ್ಗದವರೂ ಅದರ ಗಿರಾಕಿಗಳಾಗಿದ್ದಾರೆ. ಮಾರುವ ಪದಾರ್ಥವೂ ಬದಲಾಗಿದೆ. ಹಿಂದೆ ಮೆತ್ತನೆಯ ಹಾಸಿಗೆಯನ್ನೂ ಬೆಳ್ಳಿಯ ತಟ್ಟೆಯನ್ನೂ ಮಾರುತ್ತಿದ್ದರು. ಈಗ ಏಕಾಂತವನ್ನು, ಕಾಡಿನ ಮೌನವನ್ನು, ಹಳ್ಳಿಯ ‘ಅನುಭವ’ವನ್ನು ಮಾರುತ್ತಾರೆ. ಎತ್ತಿನ ಬಂಡಿಯ ಸವಾರಿಗೂ ರೊಟ್ಟಿ ತಟ್ಟುವ ನೋಟಕ್ಕೂ ಬೆಲೆ ಬಂದಿದೆ.

ಇದರಲ್ಲಿ ತಪ್ಪೇನು? ಹೀಗೆಂದು ಕೇಳುವವರ ವಾದವನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಪ್ರಾಮಾಣಿಕವಾಗಿ ದುಡಿದವನು ತನ್ನ ಹಣವನ್ನು ಮುದಿ ತಂದೆತಾಯಿಗಳ ಸುಖಪ್ರಯಾಣಕ್ಕೆ ವಿನಿಯೋಗಿಸಿದರೆ ಅದು ಪಾಪವಲ್ಲ. ಅವನ ವೆಚ್ಚದಿಂದ ಅಡಿಗೆಯವನಿಗೂ ಚಾಲಕನಿಗೂ ಮಾರ್ಗದರ್ಶಿಗೂ ಕಾಯಕ ದೊರೆಯುತ್ತದೆ. ಶರಣರು ದಾರಿದ್ರ್ಯವನ್ನು ಪೂಜಿಸಿದವರಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದವರು. ಹಣವನ್ನು ಮುಟ್ಟಬಾರದೆಂಬುದು ಅವರ ಬೋಧೆಯಾಗಿರಲಿಲ್ಲ. ಆದುದರಿಂದ ದೋಷವನ್ನು ಬೆಲೆಯಲ್ಲಿ ಹುಡುಕಿದರೆ ಅದು ಸಿಕ್ಕದು. ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

ಸುಖಯಾತ್ರೆಯು ಮಾರುವ ನಿಜವಾದ ಪದಾರ್ಥವು ಸುಖವಲ್ಲ, ಬೇರ್ಪಡೆ. ಜನರಿಂದ, ಧೂಳಿನಿಂದ, ಕಾಯುವಿಕೆಯಿಂದ, ಅನಿರೀಕ್ಷಿತದಿಂದ ಪ್ರಯಾಣಿಕನನ್ನು ಬೇರೆಯಾಗಿಡುವುದೇ ಅದರ ಕುಶಲತೆ. ಅವನು ಮನೆಯನ್ನು ಬಿಟ್ಟು ಹೊರಡುವುದಿಲ್ಲ. ಮನೆಗಿಂತ ದೊಡ್ಡ ಮನೆಯೊಂದನ್ನು ತನ್ನೊಡನೆ ಕೊಂಡೊಯ್ಯುತ್ತಾನೆ. ಕಿಟಕಿಯ ಹೊರಗೆ ಊರುಗಳು ಸರಿಯುತ್ತವೆ. ಗಾಜು ಮಾತ್ರ ಸರಿಯುವುದಿಲ್ಲ. ಗಾಂಧೀಜಿಯವರು 1915ರಲ್ಲಿ ಸ್ವದೇಶಕ್ಕೆ ಮರಳಿ ದೇಶಸಂಚಾರ ಕೈಕೊಂಡಾಗ ಮೂರನೆಯ ದರ್ಜೆಯಲ್ಲಿ ಕುಳಿತರು. ಆ ಪ್ರಯಾಣಿಕರ ಕಷ್ಟಗಳನ್ನು 1917ರಲ್ಲಿ ಬರೆದು ಪ್ರಕಟಿಸಿದರು. ಮೊದಲನೆಯ ದರ್ಜೆಯಲ್ಲಿ ಕುಳಿತಿದ್ದರೂ ಅದೇ ಹಳಿ, ಅದೇ ಊರುಗಳು ಇರುತ್ತಿದ್ದವು. ದೇಶ ಮಾತ್ರ ಕಾಣುತ್ತಿರಲಿಲ್ಲ.

ಜಂಗಮತ್ವವೆಂಬುದು ಇದಕ್ಕೆ ನೇರವಾಗಿ ಎದುರಾದ ಸ್ಥಿತಿ. ಹಿರೇಕೆರೂರಿಗೆ ನೆರೆಯಾದ ಶಿಕಾರಿಪುರದ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿಯು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದಳು. ಅರಮನೆಯನ್ನು ಹಿಂದಕ್ಕೆ ಬಿಟ್ಟು ನಡೆದ ಯಾತ್ರೆಯದು. ದಾರಿಯ ಹಸಿವು, ನೀರಡಿಕೆ, ಅಪರಿಚಿತರ ನೋಟ, ಅನುಭವಮಂಟಪದ ಕಠಿಣ ಪ್ರಶ್ನೆಗಳು, ಇವೆಲ್ಲವೂ ಆಕೆಯನ್ನು ಮುಟ್ಟಿದವು. ಮುಟ್ಟಿದ್ದರಿಂದಲೇ ಹೊರಟವಳೇ ತಲುಪಿದವಳಲ್ಲ. ಎಲ್ಲರೂ ಅಕ್ಕನಂತೆ ನಡೆಯಬೇಕೆಂದು ಯಾರೂ ಹೇಳಲಾರರು. ಆದರೆ ದಾರಿಯು ತನ್ನನ್ನು ಮುಟ್ಟಲು ಎಷ್ಟು ಎಡೆಗೊಟ್ಟೆನೆಂದು ಪ್ರತಿಯೊಬ್ಬ ಪ್ರಯಾಣಿಕನೂ ಕೇಳಿಕೊಳ್ಳಬಹುದು.

ಇನ್ನೊಂದು ಸಂಗತಿಯೂ ಉಂಟು. ದಾಸೋಹದಲ್ಲಿ ಕೊಡುವವನೇ ವಿನೀತನು. ಬಂದವನಿಂದ ತನ್ನ ಮನೆಗೆ ಪುಣ್ಯ ಬಂದಿತೆಂದು ತಿಳಿಯುತ್ತಾನೆ. ಬಂದವನೂ ಉಪಕೃತನಾಗುತ್ತಾನೆ. ಇಬ್ಬರಲ್ಲಿ ಮೇಲುಕೀಳಿಲ್ಲ. ಹಣ ತೆತ್ತ ಆತಿಥ್ಯದಲ್ಲಿ ನಗುವೂ ಬೆಲೆಯಲ್ಲಿ ಸೇರಿದೆ. ಬಡಿಸುವವನ ಕಾಯಕದಲ್ಲಿ ಕೊರತೆಯಿಲ್ಲ. ಅದು ಶುದ್ಧವಾದ ಕಾಯಕವೇ. ಕೊಳ್ಳುವವನು ಆ ಕೈಗಳನ್ನು ಸಾಮಗ್ರಿಯೆಂದು ಬಗೆದಾಗ ಕೊರತೆ ಹುಟ್ಟುತ್ತದೆ. ಐದು ದಿನ ತನಗೆ ಉಣಬಡಿಸಿದವನ ಊರು ಯಾವುದೆಂದು ಕೇಳದೆ ಇಳಿದುಹೋದವನು, ಎಷ್ಟು ದೇವಾಲಯಗಳನ್ನು ಕಂಡರೂ ಒಬ್ಬ ಮನುಷ್ಯನನ್ನು ಕಾಣಲಿಲ್ಲ. ಹಾಗೆಯೇ, ಈಜುಕೊಳ ತುಂಬಿದ ವಸತಿಗೃಹದ ಬೇಲಿಯಾಚೆ ಹೆಂಗಸರು ಕೊಡ ಹಿಡಿದು ನಿಂತಿದ್ದರೆ, ಆ ನೀರಿನ ಲೆಕ್ಕವು ಅತಿಥಿಯ ಪಟ್ಟಿಯಲ್ಲಿ ಬರೆದಿಲ್ಲವೆಂದ ಮಾತ್ರಕ್ಕೆ ಸಂದುಹೋಗದು.

ಹಾಗಾದರೆ ನೂಕುನುಗ್ಗಲಿನ ಪ್ರಯಾಣವೇ ಪವಿತ್ರವೆನ್ನಬೇಕೆ? ಅದೂ ಸಲ್ಲದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾದಾಗ, ದೂರದ ಕ್ಷೇತ್ರಗಳನ್ನು ಎಂದೂ ಕಾಣದಿದ್ದ ಎಷ್ಟೋ ತಾಯಂದಿರು ಬುತ್ತಿ ಕಟ್ಟಿಕೊಂಡು ಹೊರಟರು. ಅವರಿಗೆ ಕುಳಿತುಕೊಳ್ಳಲು ಒಂದು ಆಸನ, ಕುಡಿಯಲು ನೀರು, ಶುಚಿಯಾದ ಶೌಚಾಲಯ ದೊರೆಯಬೇಕಾದದ್ದು ನ್ಯಾಯ. ಅವರ ಕಷ್ಟವನ್ನು ಹೊಗಳುವುದು ಕ್ರೌರ್ಯ. ಬಡವನ ಬಸ್ಸಿನಲ್ಲಿಯೂ ಪಕ್ಕದವನತ್ತ ತಿರುಗಿ ನೋಡದೆ ಕುಳಿತವನಿರಬಹುದು, ಸುವರ್ಣರಥದಲ್ಲಿಯೂ ಕಣ್ತೆರೆದವನಿರಬಹುದು. ಬೇರ್ಪಡೆಯು ಆಸನದಲ್ಲಿ ಸುಲಭವಾಗುತ್ತದೆ, ಆದರೆ ಮನಸ್ಸಿನಲ್ಲಿ ಪೂರ್ಣವಾಗುತ್ತದೆ.

ನಿಜವಾದ ಯಾತ್ರಿಕನ ಗುರುತು ಸವಣೂರಿನಲ್ಲಿಯೇ ನಿಂತಿದೆ. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ, ಹಲವು ಜನ ಕೈಗೆ ಕೈ ಹಿಡಿದರೆ ಮಾತ್ರ ಬಳಸಬಹುದಾದ ಬುಡದ ಮರಗಳಿವೆ. ಅವು ಹುಣಸೆಯಲ್ಲ, ಆಫ್ರಿಕಾ ಖಂಡದ ಬಾವೋಬಾಬ್ ಜಾತಿಯವು. ಈ ಜಾತಿಯ ಬೀಜಗಳು ಕಡಲು ದಾಟಿ ಭಾರತಕ್ಕೆ ಬಂದದ್ದು ಮನುಷ್ಯರ ಕೈಯಿಂದಲೇ ಎಂಬುದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ತಂದವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವನು ಯಾವ ಸವಾರಿಯಲ್ಲಿ ಬಂದನೋ, ಎಲ್ಲಿ ಮಲಗಿದನೋ ಯಾರೂ ಅರಿಯರು. ಉಳಿದದ್ದು ನೆರಳು. ಊರ ಜನರೂ ಆ ಪರದೇಶಿಯನ್ನು ಪರಕೀಯವೆನ್ನಲಿಲ್ಲ; ಹುಳಿರುಚಿಯ ಕಾಯಿಯ ಆ ಮರಕ್ಕೆ ತಮಗೆ ತಿಳಿದ ಹೆಸರನ್ನೇ ಕೊಟ್ಟು ‘ದೊಡ್ಡ ಹುಣಸೆ’ ಎಂದು ಕರೆದರು. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಮರ ಬೇರುಸಹಿತ ಉರುಳಿದಾಗ ಅದನ್ನು ಕಡಿದು ಸಾಗಿಸಲಿಲ್ಲ. ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಬಂದವನು ಕೊಟ್ಟುಹೋದದ್ದನ್ನು ಇದ್ದವರು ಕಾದುಕೊಂಡರು. ಅತಿಥಿಧರ್ಮಕ್ಕೂ ಯಾತ್ರಾಧರ್ಮಕ್ಕೂ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಂಪೆಯ ಕಲ್ಲಿನ ರಥವು ಕದಲುವುದಿಲ್ಲ, ನೋಡುವವನನ್ನು ಕದಲಿಸುತ್ತದೆ. ಸವಣೂರಿನ ಮರವು ನಡೆಯುವುದಿಲ್ಲ. ಕಡಲು ದಾಟಿ ಬಂದವನ ಔದಾರ್ಯವನ್ನು ಹೇಳುತ್ತದೆ. ಸುಖವಾಗಿ ಸಾಗುವವನು ಸಾಗಲಿ. ಮರಳಿ ಮನೆಯ ಹೊಸ್ತಿಲನ್ನು ಮುಟ್ಟುವಾಗ ಮಾತ್ರ ಮೂರು ಮಾತು ಕೇಳಿಕೊಳ್ಳಲಿ: ದಾರಿಯಲ್ಲಿ ಯಾರನ್ನು ಅರಿತೆ? ಯಾರ ಋಣಿಯಾದೆ? ಏನನ್ನು ಕೊಟ್ಟು ಬಂದೆ? ಉತ್ತರವಿದ್ದರೆ ಅವನು ಹೋಗಿ ಬಂದವನು. ಇಲ್ಲದಿದ್ದರೆ ಹೋದದ್ದು ರಥ. ಅವನು ಇನ್ನೂ ಹೊರಟಿಲ್ಲ.