ಬಯಲೂ ನೆಲೆಯೂ

1964ರಿಂದ 1968ರವರೆಗೆ ಈಜಿಪ್ಟಿನ ದಕ್ಷಿಣದ ಅಂಚಿನಲ್ಲಿ ಒಂದು ಬೆಟ್ಟವನ್ನು ಗರಗಸದಿಂದ ಕೊಯ್ದರು. ಆಸ್ವಾನ್ ಅಣೆಕಟ್ಟಿನ ಹಿನ್ನೀರು ಏರುತ್ತಿತ್ತು. ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದಲ್ಲಿ ಎರಡನೆಯ ರಾಮ್‌ಸೆಸ್ ಬಂಡೆಯಲ್ಲೇ ಕೊರೆಸಿದ ಅಬು ಸಿಂಬೆಲ್‌ನ ಎರಡು ದೇವಾಲಯಗಳು ಮುಳುಗುವುದರಲ್ಲಿದ್ದವು. ಯುನೆಸ್ಕೊ ಮುಂದೆ ನಿಂತು ಅವನ್ನು ಸಾವಿರಕ್ಕೂ ಹೆಚ್ಚು ತುಂಡು ಮಾಡಿಸಿ, ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಸಾಗಿಸಿ ಮತ್ತೆ ಜೋಡಿಸಿತು. ಹಿಂದಿನ ಬೆಟ್ಟದ ಬದಲಿಗೆ ಕಾಂಕ್ರೀಟಿನ ಗುಮ್ಮಟ ಎದ್ದಿತು, ಅದರ ಮೇಲೆ ಕೃತಕ ಬೆಟ್ಟ ಬಂತು. ವರ್ಷಕ್ಕೆ ಎರಡು ಬಾರಿ ಉದಯಸೂರ್ಯನ ಕಿರಣ ಗರ್ಭಗುಡಿಯ ಮೂರ್ತಿಗಳನ್ನು ಮುಟ್ಟುವ ಏರ್ಪಾಟು ಕೆಡದಂತೆ ದಿಕ್ಕನ್ನೂ ಉಳಿಸಿಕೊಂಡರು. ಇಂದಿಗೂ ಕಿರಣ ಒಳಗೆ ಬರುತ್ತದೆ. ಮೊದಲಿಗಿಂತ ಒಂದು ದಿನ ವ್ಯತ್ಯಾಸವಾಗಿದೆ ಎನ್ನುತ್ತಾರೆ.

ಆ ದಿನಗಳಲ್ಲೇ ಸುಮಾರು 50,000 ನುಬಿಯನ್ ಜನ ನೈಲ್ ದಂಡೆಯ ಊರುಗಳನ್ನು ಬಿಟ್ಟು ಕೋಮ್ ಒಂಬೊ ಸುತ್ತಲಿನ ಹೊಸ ಬಡಾವಣೆಗಳಿಗೆ ಹೋದರು. ಹೊಸ ಊರುಗಳಿಗೆ ಮುಳುಗಿದ ಊರುಗಳ ಹೆಸರನ್ನೇ ಇಟ್ಟರು. ಕಲ್ಲಿನ ದೇವರಿಗೆ ನೀರಿನ ದಂಡೆ ಮತ್ತೆ ಸಿಕ್ಕಿತು, ಮನುಷ್ಯರಿಗೆ ಸಿಗಲಿಲ್ಲ.

ಹಾಗಾದರೆ ಅಬು ಸಿಂಬೆಲ್ ಉಳಿಯಿತೇ? ಕಲ್ಲು ಅದೇ, ಕೆತ್ತನೆ ಅದೇ, ಮುಖ ಮಾಡಿದ ದಿಕ್ಕೂ ಅದೇ. ಬದಲಾದದ್ದು ಇರುವ ಜಾಗ ಮಾತ್ರ. ಈ 'ಮಾತ್ರ' ಎಂಬುದರ ತೂಕ ಎಷ್ಟು ಎಂದು ಕೇಳಿದೊಡನೆ, ಎರಡೂವರೆ ಸಾವಿರ ವರ್ಷಗಳಿಂದ ತತ್ವಜ್ಞಾನಿಗಳನ್ನೂ ಭಕ್ತರನ್ನೂ ಕಾಡಿದ ಪ್ರಶ್ನೆಯೊಂದು ಎದುರು ನಿಲ್ಲುತ್ತದೆ.

ಇಂಗ್ಲಿಷಿನವರು ಈ ಪ್ರಶ್ನೆಯನ್ನು 'ಸ್ಪೇಸ್', 'ಪ್ಲೇಸ್' ಎಂಬ ಎರಡು ಮಾತುಗಳ ನಡುವೆ ಹಿಡಿದಿಟ್ಟಿದ್ದಾರೆ. ಕಾರು ನಿಲ್ಲಿಸಲು ಬೇಕಾದದ್ದು ಸ್ಪೇಸ್, ಅಜ್ಜಿ ಹುಟ್ಟಿದ ಊರು ಪ್ಲೇಸ್. ಮೊದಲನೆಯದನ್ನು ಅಳೆಯಬಹುದು, ಅದರ ಒಂದು ಚದರ ಅಡಿಗೂ ಇನ್ನೊಂದಕ್ಕೂ ಭೇದವಿಲ್ಲ. ಎರಡನೆಯದಕ್ಕೆ ಹೆಸರಿದೆ, ನೆನಪಿದೆ, ಅದರ ಬದಲಿಗೆ ಇನ್ನೊಂದನ್ನು ಕೊಡಲಾಗದು. ಭೂಗೋಳ ವಿದ್ವಾಂಸ ಯಿ-ಫು ಟುವಾನ್ 1977ರಲ್ಲಿ ಈ ಎರಡು ಪದಗಳನ್ನೇ ಹೆಸರಾಗಿಟ್ಟು ಒಂದು ಪುಸ್ತಕ ಬರೆದು, ಮನುಷ್ಯನ ಅನುಭವ ಬೆರೆತಾಗ ಸ್ಪೇಸ್ ಎಂಬುದು ಪ್ಲೇಸ್ ಆಗುತ್ತದೆ ಎಂದು ವಾದಿಸಿದ. ಕನ್ನಡದಲ್ಲಿ 'ಜಾಗ' ಎಂದರೆ ಎರಡೂ ಆಯಿತು. ಆದರೆ ತತ್ವದ ಮಾತು ಬಂದಾಗ ನಮ್ಮವರ ಕೈಯಲ್ಲಿ ಇನ್ನೂ ಚುರುಕಾದ ಜೋಡಿಯೊಂದಿತ್ತು: ಬಯಲು ಮತ್ತು ನೆಲೆ. ಈ ಬರಹಕ್ಕೆ ಆ ಜೋಡಿಯೇ ಸಾಕು.

ಮೊದಲು ಹುಟ್ಟಿದ್ದು ನೆಲೆಯ ವಿಚಾರ. ಅರಿಸ್ಟಾಟಲನ ಲೋಕದಲ್ಲಿ ಬಯಲಿಗೆ ಅವಕಾಶವೇ ಇಲ್ಲ. ಪ್ರತಿಯೊಂದು ವಸ್ತುವಿಗೂ ಅದರದೇ ಸಹಜ ನೆಲೆಯಿದೆ. ಕಲ್ಲು ಕೆಳಗೆ ಬೀಳುವುದು, ಬೆಂಕಿ ಮೇಲೇಳುವುದು ತಂತಮ್ಮ ನೆಲೆಗೆ ಮರಳಲೆಂದು. ವಸ್ತುವನ್ನು ಸುತ್ತುವರಿದಿರುವುದರ ಒಳ ಅಂಚೇ ಅದರ ನೆಲೆ. ಇಡೀ ವಿಶ್ವವನ್ನು ಸುತ್ತುವರಿದದ್ದು ಯಾವುದೂ ಇಲ್ಲವಾದ್ದರಿಂದ ವಿಶ್ವಕ್ಕೆ ನೆಲೆಯೆಂಬುದಿಲ್ಲ. ಅವನಿಗಿಂತ ಹಿಂದಿನ ಆರ್ಕಿಟಸ್ ಆಗಲೇ ಒಂದು ತೊಡಕಿನ ಪ್ರಶ್ನೆ ಹಾಕಿದ್ದ. ವಿಶ್ವದ ಕೊನೆಯ ಅಂಚಿನಲ್ಲಿ ನಿಂತವನು ಕೈ ಚಾಚಬಲ್ಲನೇ? ಚಾಚಿದರೆ ಆಚೆಗೆ ಏನೋ ಇದೆ ಎಂದಾಯಿತು. ಚಾಚಲಾಗದಿದ್ದರೆ ತಡೆಯುವುದೊಂದು ಇದೆ ಎಂದಾಯಿತು.

ಯುರೋಪಿನಲ್ಲಿ ಈ ಮುಚ್ಚಿದ ವಿಶ್ವದ ಬಾಗಿಲನ್ನು ಸಡಿಲಿಸಿದವರಲ್ಲಿ ಪಾದ್ರಿಗಳೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. 1277ರಲ್ಲಿ ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಮತಗಳನ್ನು ಖಂಡಿಸಿ ಆಜ್ಞೆ ಹೊರಡಿಸಿದ. ದೇವರು ಜಗತ್ತನ್ನು ನೇರ ಗೆರೆಯಲ್ಲಿ ಸರಿಸಲಾರ, ಸರಿಸಿದರೆ ಹಿಂದೆ ಶೂನ್ಯ ಉಳಿದುಬಿಡುತ್ತದೆ ಎಂಬುದು ಅವುಗಳಲ್ಲೊಂದು. ದೇವರಿಗೆ ಆಗದ್ದು ಏನಿದೆ ಎಂದು ಬಿಷಪ್ ಕೆರಳಿದ. ಜಗತ್ತು ಸರಿಯಬಹುದಾದರೆ ಅದು ಸರಿಯಲು ಬಯಲು ಬೇಕು. ಹೀಗೆ ಭಕ್ತಿಯ ಒತ್ತಾಯದಿಂದಲೇ ಬಯಲಿನ ಕಲ್ಪನೆಗೆ ದಾರಿ ತೆರೆಯಿತು.

ಇಲ್ಲಿಂದ ಮುಂದಿನ ಕಥೆಯಲ್ಲಿ ಹೀಬ್ರೂ ಶಬ್ದವೊಂದು ದೊಡ್ಡ ಪಾತ್ರ ವಹಿಸುತ್ತದೆ. ಯೆಹೂದ್ಯರು ದೇವರನ್ನು 'ಹಮಾಕೋಮ್' ಎಂದೂ ಕರೆಯುತ್ತಾರೆ. ಅದರ ನೇರ ಅರ್ಥ ನೆಲೆ, ಸ್ಥಳ. ಸಾವಾದ ಮನೆಗೆ ಹೋದವರು ದುಃಖದಲ್ಲಿರುವವರಿಗೆ ಇಂದಿಗೂ ಈ ಹೆಸರು ಹೇಳಿಯೇ ಸಾಂತ್ವನ ಕೋರುತ್ತಾರೆ. ಯಾಕೋಬ ದಾರಿಯಲ್ಲಿ ಕತ್ತಲಾಗಿ, ಕಲ್ಲನ್ನು ತಲೆದಿಂಬು ಮಾಡಿ ಮಲಗಿ, ಕನಸಿನಲ್ಲಿ ಸ್ವರ್ಗಕ್ಕೆ ಏಣಿ ಕಂಡು ಎದ್ದ ಆ ನೆಲ ಬೇತೇಲ್, ದೇವರ ಮನೆ. ಆ ಪ್ರಸಂಗವನ್ನು ವಿವರಿಸುವಾಗಲೇ ಹಳೆಯ ಮಿದ್ರಾಷ್ ವ್ಯಾಖ್ಯಾನಕಾರರು ಕೇಳಿದರು: ದೇವರಿಗೆ ಈ ಹೆಸರೇಕೆ? ಲೋಕಕ್ಕೆ ಅವನೇ ನೆಲೆ, ಅವನಿಗೆ ಲೋಕ ನೆಲೆಯಲ್ಲ ಎಂಬುದು ಅವರ ಉತ್ತರ.

ಕೇಂಬ್ರಿಜ್‌ನ ಹೆನ್ರಿ ಮೋರ್ 1671ರಲ್ಲಿ ಲ್ಯಾಟಿನ್ ಗ್ರಂಥವೊಂದರಲ್ಲಿ ದೇವರಿಗೆ ಹೇಳುವ ಸುಮಾರು ಇಪ್ಪತ್ತು ವಿಶೇಷಣಗಳನ್ನು ಪಟ್ಟಿ ಮಾಡಿದ: ಏಕ, ಅನಂತ, ನಿತ್ಯ, ಅಚಲ, ಸರ್ವವ್ಯಾಪಿ, ಹೀಗೆ. ಇವೆಲ್ಲ ಬಯಲಿಗೂ ಒಪ್ಪುತ್ತವಲ್ಲ ಎಂದು ತೋರಿಸಿ, ಕಬ್ಬಾಲ ಪಂಥದವರು ದೇವರನ್ನು ಮಾಕೋಮ್ ಎಂದದ್ದನ್ನೂ ಬೆಂಬಲಕ್ಕೆ ತಂದುಕೊಂಡ. ಒಂದು ಕಲ್ಲಿನ ಬಳಿ, ಒಂದು ರಾತ್ರಿಯ ಅನುಭವಕ್ಕೆ ಅಂಟಿದ್ದ ಹೆಸರು ಎಣೆಯಿಲ್ಲದ, ಗುರುತಿಲ್ಲದ ಬಯಲಿನ ಹೆಸರಾಗಿ ಮಾರ್ಪಟ್ಟದ್ದು ಇಲ್ಲಿ.

ಮೋರ್‌ನನ್ನು ಬಲ್ಲವನಾಗಿದ್ದ ಐಸಾಕ್ ನ್ಯೂಟನ್ 1687ರ 'ಪ್ರಿನ್ಸಿಪಿಯಾ'ದಲ್ಲಿ ಇದಕ್ಕೆ ಗಣಿತದ ಖಚಿತತೆ ಕೊಟ್ಟ. ನಿರಪೇಕ್ಷ ಬಯಲು ಯಾವುದನ್ನೂ ಅವಲಂಬಿಸದೆ, ಎಲ್ಲೆಡೆ ಒಂದೇ ತೆರನಾಗಿ, ಅಲುಗದೆ ಇರುತ್ತದೆ. ನೆಲೆ? ವಸ್ತುವೊಂದು ಆಕ್ರಮಿಸಿಕೊಂಡ ಬಯಲಿನ ಭಾಗ, ಅಷ್ಟೆ. 1713ರ ಎರಡನೆಯ ಆವೃತ್ತಿಗೆ ಸೇರಿಸಿದ ಟಿಪ್ಪಣಿಯಲ್ಲಿ, ದೇವರು ಎಂದೆಂದೂ ಎಲ್ಲೆಲ್ಲೂ ಇರುವುದರಿಂದಲೇ ಕಾಲವೂ ಬಯಲೂ ಉಂಟಾಗಿವೆ ಎಂದ. ಭೌತವಿಜ್ಞಾನದ ಅಡಿಪಾಯದಲ್ಲಿ ದೇವರ ಸರ್ವವ್ಯಾಪಕತೆ ಹೀಗೆ ಕೂತಿತು.

ಲೈಬ್ನಿಜ್ ಇದನ್ನು ಒಪ್ಪಲಿಲ್ಲ. ವೇಲ್ಸ್ ರಾಜಕುಮಾರಿ ಕ್ಯಾರೊಲಿನ್‌ಗೆ 1715ರಲ್ಲಿ ಬರೆದ ಪತ್ರದಲ್ಲಿ ಆಕ್ಷೇಪ ಎತ್ತಿದ. ನ್ಯೂಟನ್ನನ ಪರವಾಗಿ ಸ್ಯಾಮ್ಯುಯೆಲ್ ಕ್ಲಾರ್ಕ್ ಉತ್ತರಿಸಿದ. ಇಬ್ಬರ ನಡುವೆ ಐದೈದು ಪತ್ರಗಳು ಓಡಾಡಿದವು. 1716ರ ನವೆಂಬರಿನಲ್ಲಿ ಲೈಬ್ನಿಜ್ ತೀರಿಕೊಂಡಾಗ ವಾದವೂ ನಿಂತಿತು. ಬಯಲಿನ ಎಲ್ಲ ಬಿಂದುಗಳೂ ಒಂದೇ ಆದರೆ ದೇವರು ಜಗತ್ತನ್ನು ಅಲ್ಲಿಡದೆ ಇಲ್ಲಿಡಲು, ಪೂರ್ವ ಪಶ್ಚಿಮಗಳನ್ನು ಅದಲುಬದಲು ಮಾಡದೆ ಹೀಗೇ ಇಡಲು ಕಾರಣವೇನು ಎಂಬುದು ಅವನ ಪ್ರಶ್ನೆ. ಕಾರಣವಿಲ್ಲದೆ ದೇವರು ಏನನ್ನೂ ಮಾಡುವುದಿಲ್ಲ. ಆದ್ದರಿಂದ ಬಯಲು ಎಂಬುದು ವಸ್ತುಗಳ ಪರಸ್ಪರ ಸಂಬಂಧದ ಕ್ರಮ. ವಸ್ತುಗಳಿಲ್ಲದೆ ಅದಕ್ಕೆ ಇರವಿಲ್ಲ. ನೆರೆಯ ವಸ್ತುಗಳೊಡನೆ ಮೊದಲಿನವನಿಗೆ ಇದ್ದ ಸಂಬಂಧವೇ ಎರಡನೆಯವನಿಗೂ ಬಂದಾಗ 'ಅವನ ಜಾಗಕ್ಕೆ ಇವನು ಬಂದ' ಎನ್ನುತ್ತೇವೆ.

ಲೈಬ್ನಿಜ್‌ನ ಈ ಅಳತೆಗೋಲು ಅಬು ಸಿಂಬೆಲ್ ವಿಷಯದಲ್ಲಿ ನ್ಯೂಟನ್ನನದಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ. ಎರಡು ದೇಗುಲಗಳ ನಡುವಿನ ಅಂತರ, ಸೂರ್ಯನೊಡನೆ ಅವುಗಳ ಸಂಬಂಧ ಹೆಚ್ಚುಕಡಿಮೆ ಉಳಿದವು. ಸುತ್ತಲಿನ ಊರುಗಳೊಡನೆ, ಹೊಲಗಳೊಡನೆ, ಗೋರಿಗಳೊಡನೆ ಇದ್ದ ಸಂಬಂಧ ಹರಿಯಿತು. ನೆಲೆ ಎಂಬುದು ನೆರೆಹೊರೆಯಿಂದ ಆದದ್ದು. 65 ಮೀಟರ್ ಎಂಬ ಅಂಕಿಗೆ ಅದು ಕಾಣುವುದೇ ಇಲ್ಲ.

ಭಾರತದ ಚಿಂತಕರು ಈ ಗಂಟನ್ನು ಬೇರೆ ಬಗೆಯಲ್ಲಿ ಬಿಚ್ಚಲು ನೋಡಿದರು. ವೈಶೇಷಿಕರ ಒಂಬತ್ತು ದ್ರವ್ಯಗಳಲ್ಲಿ ಆಕಾಶವೂ ದಿಕ್ಕೂ ಬೇರೆ ಬೇರೆ. ಆಕಾಶ ಶಬ್ದಕ್ಕೆ ಆಶ್ರಯ. ಹತ್ತಿರ ದೂರ, ಮೂಡಣ ಪಡುವಣ ಎಂಬ ತಿಳಿವಳಿಕೆಗೆ ಕಾರಣ ದಿಕ್ಕು. ಗೌಡಪಾದರ ಕಾರಿಕೆಗಳಲ್ಲಿ ಮಡಕೆಯೊಳಗಿನ ಆಕಾಶದ ಪ್ರಸಿದ್ಧ ದೃಷ್ಟಾಂತ ಬರುತ್ತದೆ. ಮಡಕೆ ಒಡೆದಾಗ ಒಳಗಿನ ಆಕಾಶ ಎಲ್ಲಿಗೂ ಹೋಗುವುದಿಲ್ಲ, ಅದು ಬೇರೆಯಾಗಿ ಇದ್ದದ್ದೇ ಇಲ್ಲ. ನೆಲೆ ಎಂಬ ಭ್ರಮೆ ಕರಗಿ ಬಯಲೊಂದೇ ನಿಲ್ಲುವುದು ಅಲ್ಲಿ ಬಿಡುಗಡೆ. ಆಗಮಗಳು ಹಿಡಿದ ದಾರಿ ಇದಕ್ಕೆ ಎದುರು. ಭೂಮಿಯನ್ನು ಪರೀಕ್ಷಿಸಿ, ಶುದ್ಧಿ ಮಾಡಿ, ದಿಕ್ಕು ನಿಶ್ಚಯಿಸಿ, ಮೂರ್ತಿಗೆ ಪ್ರಾಣಪ್ರತಿಷ್ಠೆ ಮಾಡಿ, ಎಲ್ಲೆಲ್ಲೂ ಇರುವವನನ್ನು ಇಲ್ಲಿ ನೆಲೆಸು ಎಂದು ಬೇಡುತ್ತವೆ.

ಕನಕದಾಸರು ಕೀರ್ತನೆಯೊಂದರಲ್ಲಿ ಈ ಎರಡೂ ದಾರಿಗಳನ್ನು ಮುಖಾಮುಖಿ ನಿಲ್ಲಿಸಿ, ಆಲಯದ ಒಳಗೆ ಬಯಲಿದೆಯೋ ಬಯಲಿನ ಒಳಗೆ ಆಲಯವಿದೆಯೋ ಎಂದು ಕೇಳುತ್ತಾರೆ. ಅರಿಸ್ಟಾಟಲನಿಂದ ನ್ಯೂಟನ್ನನವರೆಗಿನ ಇಡೀ ಜಗಳ ಅಷ್ಟರಲ್ಲಿ ಅಡಗಿದೆ. ಅವರು ಅಲ್ಲಿಗೇ ನಿಲ್ಲುವುದಿಲ್ಲ, ನೋಡುವ ಕಣ್ಣನ್ನೂ ಲೆಕ್ಕಕ್ಕೆ ತರುತ್ತಾರೆ. ಅದೇ ಕನಕರ ಹೆಸರು ಉಡುಪಿಯ ಒಂದು ಕಿಂಡಿಗೆ ಅಂಟಿಕೊಂಡಿದೆ. ಭಕ್ತನಿಗಾಗಿ ಕೃಷ್ಣ ತಿರುಗಿ ನಿಂತನೆಂಬ ಐತಿಹ್ಯವನ್ನು ನಂಬಿದವರೂ ನಂಬದವರೂ ಆ ಕಿಂಡಿಯಲ್ಲೇ ಇಣುಕುತ್ತಾರೆ, ಪಕ್ಕದ ಗೋಡೆಯಲ್ಲಿ ಅಲ್ಲ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು ಹನ್ನೆರಡನೆಯ ಶತಮಾನದ ಶರಣರಲ್ಲಿ. ಅಲ್ಲಮ ಬಯಲನ್ನೇ ಪರಮ ಪದವಾಗಿಸಿದ. ಬಸವಣ್ಣ ಕಟ್ಟಿದ ಗುಡಿಗಿಂತ ನಡೆಯುವ ದೇಹವನ್ನು ಮೇಲೆತ್ತಿದ. ಇಷ್ಟಲಿಂಗದಿಂದ ದೇವರ ನೆಲೆ ಪ್ರತಿಯೊಬ್ಬರ ಅಂಗೈಗೆ ಬಂತು. ಗುಡಿಯೊಳಗೆ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬ ಕಟ್ಟಳೆ ಅಲ್ಲಿಗೆ ಕಳಚಿಬಿತ್ತು. ನೆಲೆ ಎಂಬುದು ಕೆಲವರ ಸ್ವತ್ತಾಗಿ ಉಳಿದವರನ್ನು ಹೊರಗಿಡುವಾಗ ಬಯಲಿನ ಮಾತು ನ್ಯಾಯದ ಮಾತಾಗುತ್ತದೆ. ನೆಲೆಯ ಪರವಾಗಿ ಮಾತಾಡುವವರು ಇದನ್ನು ಮರೆಯಬಾರದು.

ಆದರೂ ಆ ಪರಂಪರೆ ತನ್ನ ಸಾಧನೆಯ ಮೆಟ್ಟಿಲುಗಳನ್ನು 'ಸ್ಥಲ' ಎಂದೇ ಕರೆಯಿತು. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು. ಮಾಯಿದೇವನ 'ಅನುಭವಸೂತ್ರ' ಇನ್ನೂ ಮುಂದೆ ಹೋಗಿ, ಜಗತ್ತು ಯಾವುದರಲ್ಲಿ ನಿಂತು ಯಾವುದರಲ್ಲಿ ಲಯವಾಗುವುದೋ ಆ ಪರತತ್ವವೇ ಸ್ಥಲ ಎನ್ನುತ್ತದೆ. ಯೆಹೂದ್ಯರ ಮಾಕೋಮ್‌ಗೂ ವೀರಶೈವರ ಸ್ಥಲಕ್ಕೂ ಪರಸ್ಪರ ಪರಿಚಯವಿರಲಿಲ್ಲ. ಹಾಗಿದ್ದೂ ಎರಡೂ ಕಡೆ ದೇವರಿಗೆ ಒಂದೇ ಅರ್ಥದ ಹೆಸರು ಬಂದದ್ದು ಆಶ್ಚರ್ಯ ತರುತ್ತದೆ.

ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳವಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಲ್ಲಿಗೂ ಬಂತು. ಆಗ ಐಕ್ಯಲಿಂಗವನ್ನು ಎತ್ತಿ ದಂಡೆಗೆ ಸಾಗಿಸಲಿಲ್ಲ. ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿ ಇದ್ದಲ್ಲೇ ಉಳಿಸಿಕೊಂಡರು. ಇಂದು ಭಕ್ತರು ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಸ್ಥಾವರವನ್ನು ಹೆಚ್ಚೆನ್ನದವನ ಅನುಯಾಯಿಗಳು ಹೀಗೆ ಮಾಡಿದ್ದರಲ್ಲಿ ವಿರೋಧವಿಲ್ಲ. ನಡೆದಾಡಿದ ದೇಹವೊಂದು ಕೊನೆಗೆ ನಿಂತದ್ದು ಅಲ್ಲಿ, ಬೇರೆಲ್ಲೂ ಅಲ್ಲ.

ಬಯಲೂ ನೆಲೆಯೂ ಕೈಜೋಡಿಸಿದ ಉದಾಹರಣೆಗಳೂ ಇವೆ. ಮುಸಲ್ಮಾನರು ಶುದ್ಧವಾದ ಯಾವ ನೆಲದಲ್ಲಾದರೂ ನಮಾಜು ಮಾಡಬಹುದು, ಆದರೆ ಮುಖ ಮಾತ್ರ ಮೆಕ್ಕಾದ ಕಡೆಗೆ. ಘಜ್ನಿಯಿಂದ ಆ ದಿಕ್ಕು ಯಾವುದೆಂದು ನಿಖರವಾಗಿ ಕಂಡುಹಿಡಿಯಲು ಅಲ್ ಬಿರೂನಿ 1025ರಲ್ಲಿ ಒಂದು ಗ್ರಂಥವನ್ನೇ ಬರೆದು ಮುಗಿಸಿದ. ಅಕ್ಷಾಂಶ, ರೇಖಾಂಶ, ಗೋಳದ ಮೇಲಿನ ತ್ರಿಕೋನಮಿತಿ ಎಲ್ಲವೂ ಒಂದು ನೆಲೆಯ ಸೇವೆಗೆ ನಿಂತವು.

ಕೋರ್ಟುಗಳಿಗೆ ಬಂದಾಗ ಈ ಭೇದ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಉತ್ತರದ ಕಾಡಿನಲ್ಲಿ ಯುರೋಕ್, ಕರುಕ್, ತೊಲೊವ ಜನರಿಗೆ ಪವಿತ್ರವಾದ ಎತ್ತರದ ಪ್ರದೇಶವಿದೆ. ಅದರ ನಡುವೆ ಅರಣ್ಯ ಇಲಾಖೆ ರಸ್ತೆ ಮಾಡಹೊರಟಿತು. ಆ ಆಚರಣೆಗಳಿಗೆ ಏಕಾಂತ, ಮೌನ, ಕೆಡದ ಕಾಡು ಅಗತ್ಯ, ರಸ್ತೆ ಬೇಡ ಎಂದು ಇಲಾಖೆಯೇ ಮಾಡಿಸಿದ ಅಧ್ಯಯನ ಹೇಳಿತ್ತು. 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ರಸ್ತೆಯ ಪರ ತೀರ್ಪಿತ್ತಿತು. ಯಾರನ್ನೂ ನಂಬಿಕೆ ಬಿಡುವಂತೆ ಒತ್ತಾಯಿಸಿಲ್ಲ, ಎಷ್ಟಾದರೂ ಅದು ಸರ್ಕಾರದ ಭೂಮಿ ಎಂಬುದು ವಾದದ ತಿರುಳು. ಮುಂದೆ ಸಂಸತ್ತು ಆ ಪ್ರದೇಶವನ್ನು ಕಾನೂನಿನ ಮೂಲಕ ರಕ್ಷಿಸಿದ್ದರಿಂದ ರಸ್ತೆ ಪೂರ್ಣವಾಗಲಿಲ್ಲ. ತೀರ್ಪು ಮಾತ್ರ ಹಾಗೆಯೇ ಉಳಿಯಿತು. ನಂಬಿಕೆ ಮನಸ್ಸಿನಲ್ಲಿರುತ್ತದೆ, ಮನಸ್ಸನ್ನು ಎಲ್ಲಿಗಾದರೂ ಒಯ್ಯಬಹುದು ಎಂಬ ಗ್ರಹಿಕೆ ಅದರ ಹಿಂದಿದೆ. ಬೆಟ್ಟವೇ ಪೂಜೆಯ ಒಂದು ಅಂಗವಾಗಿರುವ ಧರ್ಮವನ್ನು ಆ ಗ್ರಹಿಕೆ ಕಾಣಲಾರದು. ಅದು ತಪ್ಪು ತೀರ್ಪು.

ಒಡಿಶಾದ ನಿಯಮಗಿರಿಯಲ್ಲಿ ಬೇರೆಯದೇ ನಡೆಯಿತು. ಆ ಬೆಟ್ಟಸಾಲಿನ ನೆತ್ತಿಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಯೋಜನೆ ಬಂದಾಗ, ಬೆಟ್ಟ ತಮ್ಮ ದೇವರು ನಿಯಮ್ ರಾಜನ ನೆಲೆ ಎಂದು ಡೋಂಗ್ರಿಯಾ ಕೊಂಧ ಜನ ಎದ್ದು ನಿಂತರು. ಗಣಿಯ ಜಾಗ ದೇವರ ಶಿಖರದಿಂದ 10 ಕಿಲೋಮೀಟರ್ ದೂರದಲ್ಲಿದೆ ಎಂಬ ಅಂಶವೂ ಚರ್ಚೆಗೆ ಬಂತು. 2013ರ ಏಪ್ರಿಲ್ 18ರಂದು ಭಾರತದ ಸುಪ್ರೀಂ ಕೋರ್ಟ್ ಆ ದೂರವನ್ನು ತಾನೇ ತೂಗಲು ಹೋಗಲಿಲ್ಲ. ಅಷ್ಟು ದೂರದ ಗಣಿಯಿಂದ ದೇವರ ನೆಲೆಗೆ ಧಕ್ಕೆಯಾಗುವುದೋ ಇಲ್ಲವೋ ಎಂಬುದನ್ನೂ ಗ್ರಾಮಸಭೆಗಳೇ ಪರಿಶೀಲಿಸಲಿ ಎಂದಿತು. ನೆಲೆಯ ಗಡಿಯನ್ನು ಅಲ್ಲಿ ಬದುಕುವವರೇ ಹೇಳಬೇಕು ಎಂದು ಒಪ್ಪಿದ ತೀರ್ಪು ಅದು.

ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಹಳ್ಳಿಗಳು ಗಣಿ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.